ಬಂಡೀಪುರಕ್ಕೆ ಹೊರಟಿದ್ದೀರಾ? ಊಟದ ಲೆಕ್ಕ ಮನೆಯಲ್ಲೇ ಹಾಕಿ

ಕಾಡಿಗೆ ಹೊರಡುವಾಗ ಸಫಾರಿ ಟಿಕೆಟ್, ಪೆಟ್ರೋಲ್, ರೂಮು ಎಲ್ಲದಕ್ಕೂ ಲೆಕ್ಕ ಹಾಕುತ್ತೇವೆ. ಊಟ ಮಾತ್ರ ‘ಅಲ್ಲೇ ಏನಾದ್ರೂ ತಿಂದರಾಯ್ತು’ ಅಂತ ಬಿಟ್ಟುಬಿಡುತ್ತೇವೆ. ನಾಲ್ಕು ಜನ, ಎರಡು ದಿನ, ಮೂರು ಹೊತ್ತು ಅಂದರೆ 24 ತಟ್ಟೆ. ತಟ್ಟೆಗೆ 100 ರೂಪಾಯಿ ಜಾಸ್ತಿಯಾದರೂ 2,400 ರೂಪಾಯಿ ಹೋಯಿತು.

ಮೊದಲು ಸಫಾರಿಯ ಹೊತ್ತು ಖಚಿತ ಮಾಡಿಕೊಳ್ಳಿ. ಬೆಳಗಿನ ಸಫಾರಿಯಾದರೆ ತಿಂಡಿ ಆಮೇಲೆಯೇ. ಮಧ್ಯಾಹ್ನದ್ದಾದರೆ ಬೇಗ ಊಟ ಮುಗಿಸಿರಬೇಕು. ಹಸಿವಾದಾಗ ನೀವು ಎಲ್ಲಿರುತ್ತೀರಿ ಅನ್ನುವುದರ ಮೇಲೇ ಖರ್ಚು ನಿಂತಿದೆ.

ಆಮೇಲೆ ರೂಮು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ರೆಸಾರ್ಟಿನಂಥ ಕಡೆ ಊಟ, ಸಫಾರಿ, ವಾಸ್ತವ್ಯ ಎಲ್ಲ ಸೇರಿ ಒಂದೇ ದರ. ಬರೀ ರೂಮು ಕೊಡುವ ಕಡೆ ಬಾಡಿಗೆ ಕಡಿಮೆ ಕಾಣುತ್ತದೆ, ಊಟದ ಬಿಲ್ಲು ಬೇರೆ ಬರುತ್ತದೆ. ಬುಕ್ ಮಾಡುವಾಗಲೇ ಒಂದು ಊಟಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಫೋನಿನಲ್ಲಿ ಕೇಳಿ ಎರಡನ್ನೂ ಹೋಲಿಸಿ.

ಕಾಡಿನ ಅಂಚಿಗೆ ಹೋಗಿ ಹೋಟೆಲ್ ಹುಡುಕುವ ಬದಲು ಹಿಂದಿನ ಊರಲ್ಲೇ ಉಣ್ಣಿ. ಬಂಡೀಪುರಕ್ಕೆ ಗುಂಡ್ಲುಪೇಟೆ, ಕಬಿನಿ ಕಡೆಗೆ ಎಚ್.ಡಿ. ಕೋಟೆ, ನಾಗರಹೊಳೆಯ ವೀರನಹೊಸಹಳ್ಳಿ ಗೇಟಿಗೆ ಹುಣಸೂರು. ಊರ ಜನ ದಿನಾ ಉಣ್ಣುವ ಹೋಟೆಲಲ್ಲಿ ದರ ಅವರ ಜೇಬಿಗೆ ತಕ್ಕಂತೆ ಇರುತ್ತದೆ.

ಒಂದು ಹೊತ್ತಿನದಾದರೂ ಬುತ್ತಿ ಕಟ್ಟಿಕೊಳ್ಳಿ. ನನ್ನ ಆಯ್ಕೆ ಪುಳಿಯೋಗರೆ. ಗೊಜ್ಜನ್ನು ಹಿಂದಿನ ದಿನವೇ ಮಾಡಿಡಿ. ಬೆಳಿಗ್ಗೆ ಅನ್ನ ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ಎರಡು ಚಮಚ ಎಣ್ಣೆ ಹಾಕಿ ಪೂರ್ತಿ ಆರಲು ಬಿಡಿ. ಬಿಸಿ ಅನ್ನ ಡಬ್ಬಿಗೆ ತುಂಬಿದರೆ ಮುಚ್ಚಳದಲ್ಲಿ ನೀರು ಕಟ್ಟಿ ಮಧ್ಯಾಹ್ನದೊಳಗೆ ಹಳಸುತ್ತದೆ. ಕಾಯಿ ಹಾಕಿದ್ದು ಬೇಡವೇ ಬೇಡ. ಚಪಾತಿ, ಚಟ್ನಿಪುಡಿ, ನಿಪ್ಪಟ್ಟು ಮರುದಿನಕ್ಕೂ ಆಗುತ್ತವೆ. ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ಒಯ್ಯಿರಿ. ದುಡ್ಡೂ ಉಳಿಯಿತು, ಕಾಡಿಗೆ ಪ್ಲಾಸ್ಟಿಕ್ಕೂ ಹೋಗಲಿಲ್ಲ, ಅಲ್ವಾ?

ಈ ಬುತ್ತಿಯನ್ನು ಗೇಟಿಗೆ ಮೊದಲೇ ಬಿಚ್ಚಿ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು, ಸಫಾರಿ ಗಾಡಿಯಲ್ಲಿ ತಿನ್ನಬಾರದು. ಒಮ್ಮೆ ನಮ್ಮ ಮುಂದೆಯೇ ಕೋತಿಯೊಂದು ಕಾರಿನ ಕಿಟಕಿಯಿಂದ ಮಗುವಿನ ಬಿಸ್ಕತ್ ಪೊಟ್ಟಣ ಎಳೆದುಕೊಂಡು, ಕವರ್ ಸಮೇತ ಕಚ್ಚಿ ತಿಂದಿತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಬಂಡೀಪುರದ ರಸ್ತೆಯಲ್ಲಿ ಆನೆಗಳು ತರಕಾರಿ ಲಾರಿ ಅಡ್ಡಗಟ್ಟುವುದೂ ಈ ರುಚಿ ಹತ್ತಿಯೇ. ದಯವಿಟ್ಟು ಒಂದು ಬಾಳೆಹಣ್ಣನ್ನೂ ಎಸೆಯಬೇಡಿ. ಸಿಪ್ಪೆ, ಕವರ್ ಎಲ್ಲ ವಾಪಸ್ ಮನೆಗೆ.

ಬಿಲ್ ಬಂದಾಗ ಓದಿ ನೋಡಿ. ಅಂಗಡಿಯವರು ನೀರು, ಚಿಪ್ಸ್‌ಗೆ ಎಂಆರ್‌ಪಿಗಿಂತ ಜಾಸ್ತಿ ಕೇಳುವಂತಿಲ್ಲ. ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹೋಟೆಲಲ್ಲಿ ಕೂತು ಬಾಟಲಿ ನೀರು ಕುಡಿದರೆ ಈ ಮಾತು ನಡೆಯದು. ಅಲ್ಲಿ ಹೆಚ್ಚು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ತೆಗೆಯಿರಿ ಎಂದು ಕೇಳಿ.

ರಾತ್ರಿಯೂಟಕ್ಕೆ ಗುಂಡ್ಲುಪೇಟೆಗೆ ಬಂದು ಮತ್ತೆ ಬಂಡೀಪುರದ ರೂಮಿಗೆ ಮರಳುವವರು ಗಡಿಯಾರ ನೋಡುತ್ತಿರಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಹೆದ್ದಾರಿ ಬಂದ್. ಎಂಟಕ್ಕೆಲ್ಲ ಕೈ ತೊಳೆದು ಹೊರಡಿ.