ಬರೆದ ಕುಕಿ ಎಲ್ಲಿ ಹೋಯಿತು?

"ಮಾಮ, ಕುಕಿ ಬರೀತಿದ್ದೀನಿ, ಆದ್ರೆ ನಿಲ್ತಾನೇ ಇಲ್ಲ" ಎನ್ನುತ್ತ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಕಾಲೇಜಿನ ಪ್ರಾಜೆಕ್ಟಿಗೆಂದು ಅವಳು ಮಾಡಿದ್ದು ಬಸ್ ವೇಳಾಪಟ್ಟಿಯ ಪುಟ್ಟ ವೆಬ್‌ಸೈಟ್. ಒಮ್ಮೆ ಊರು ಆರಿಸಿದರೆ ಮುಂದಿನ ಸಲ ಅದೇ ಊರು ತಾನಾಗಿ ಬರಬೇಕು. ಅದನ್ನು ನೆನಪಿಡಬೇಕಾದದ್ದು ಕುಕಿ, ಅಂದರೆ ವೆಬ್‌ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡುವ ಪುಟ್ಟ ಚೀಟಿ. ಕೋಡ್ ಓದಿದರೆ ತಪ್ಪು ಕಾಣುತ್ತಿರಲಿಲ್ಲ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಒಂದು ಕೆಂಪು ಸಾಲೂ ಇರಲಿಲ್ಲ. ಊರು ಮಾತ್ರ ಪ್ರತಿ ಸಲವೂ ಮಾಯ.

1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಕುಕಿಯನ್ನು ಕಂಡುಹಿಡಿದರು. ಅದರ ದೊಡ್ಡ ತಾಪತ್ರಯವೆಂದರೆ ಮೌನ. ಜಾವಾಸ್ಕ್ರಿಪ್ಟ್‌ನಲ್ಲಿ ಆವರಣ ಚಿಹ್ನೆ ಒಂದು ಬಿಟ್ಟುಹೋದರೂ ಬ್ರೌಸರ್ ಕೂಗಾಡುತ್ತದೆ. ಕುಕಿ ಹಿಡಿಸದಿದ್ದರೆ ಮಾತಿಲ್ಲದೆ ಎತ್ತಿ ಆಚೆ ಹಾಕುತ್ತದೆ. ಹಾಗಾಗಿ ಕೋಡನ್ನೇ ದಿಟ್ಟಿಸುತ್ತ ಕೂರುವುದು ದಂಡ, ಬ್ರೌಸರನ್ನೇ ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ. (ಕೋಡ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.)

ಮೊದಲು ವಿಳಾಸ ನೋಡಿ

ಅಡ್ರೆಸ್ ಬಾರ್‌ನಲ್ಲಿ ಏನಿದೆ? ಫೋಲ್ಡರ್‌ನಿಂದ ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಿದ್ದರೆ ವಿಳಾಸ 'ಫೈಲ್' ಎಂದು ಶುರುವಾಗುತ್ತದೆ. ಅಂಥ ಪುಟದಲ್ಲಿ ನೀವು ಬರೆದ ಕುಕಿಗೆ ಕ್ರೋಮ್‌ನಲ್ಲಿ ಜಾಗವೇ ಇಲ್ಲ. ನನ್ನ ಸೊಸೆಮುದ್ದು ಎಡವಿದ್ದು ಇಲ್ಲೇ. ಪೈಥಾನ್‌ನ ಪುಟ್ಟ ಸರ್ವರ್ ಆಗಲಿ, ವಿಎಸ್ ಕೋಡ್‌ನ ಲೈವ್ ಸರ್ವರ್ ಆಗಲಿ ಓಡಿಸಿ, ಅದರ ಮೂಲಕ ಪುಟ ತೆರೆಯಿರಿ.

ಅಲ್ಲೂ ಎಡವಿ ಬೀಳುವ ಹಳ್ಳವೊಂದಿದೆ. ಲೈವ್ ಸರ್ವರ್ ತಾನಾಗಿ ತೆರೆಯುವುದು 127.0.0.1 ಎಂಬ ವಿಳಾಸವನ್ನು. ನೀವು ಅಭ್ಯಾಸಬಲದಿಂದ ಲೋಕಲ್‌ಹೋಸ್ಟ್ ಎಂದು ಟೈಪ್ ಮಾಡುತ್ತೀರಿ. ಎರಡೂ ಒಂದೇ ಯಂತ್ರವಾದರೂ ಕುಕಿಯ ಲೆಕ್ಕದಲ್ಲಿ ಎರಡು ಬೇರೆ ಮನೆ, ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಸಿಗುವುದಿಲ್ಲ. ತಮಾಷೆಯೆಂದರೆ ವಿಳಾಸದ ಹಿಂದೆ ಬರುವ ಪೋರ್ಟ್ ಸಂಖ್ಯೆಗೆ ಈ ಭೇದವಿಲ್ಲ. ಲೋಕಲ್‌ಹೋಸ್ಟ್‌ನ 3000ದಲ್ಲಿ ಬರೆದ ಕುಕಿ 8080ರಲ್ಲಿ ಓಡುವ ನಿಮ್ಮ ಇನ್ನೊಂದು ಪ್ರಾಜೆಕ್ಟಿನಲ್ಲೂ ಬಂದು ಕೂರುತ್ತದೆ.

ಬರೆದದ್ದನ್ನು ಆಗಲೇ ಓದಿ

ಎಫ್12 ಒತ್ತಿ ಕನ್ಸೋಲ್ ತೆರೆಯಿರಿ. ಡಾಕ್ಯುಮೆಂಟ್.ಕುಕಿಗೆ "ಪರೀಕ್ಷೆ" ಎಂಬಂಥ ಸಣ್ಣ ಹೆಸರಿನ ಕುಕಿ ಕೊಟ್ಟು, ಮರುಸಾಲಿನಲ್ಲೇ ಡಾಕ್ಯುಮೆಂಟ್.ಕುಕಿ ಎಂದಷ್ಟೇ ಬರೆದು ಎಂಟರ್ ಒತ್ತಿ. ಹೆಸರು ಕಂಡರೆ ಬ್ರೌಸರ್‌ಗೂ ವಿಳಾಸಕ್ಕೂ ತಕರಾರಿಲ್ಲ, ತೊಡಕಿರುವುದು ನಿಮ್ಮ ಕುಕಿಯ ವಿವರಗಳಲ್ಲಿ.

ಹೊಸಬರಿಗೆ ವಿಚಿತ್ರವೆನಿಸುವ ಮಾತೊಂದಿದೆ. ಡಾಕ್ಯುಮೆಂಟ್.ಕುಕಿ ನೋಡಲು ಮಾಮೂಲಿ ವೇರಿಯಬಲ್‌ನಂತಿದ್ದರೂ ಹಾಗೆ ನಡೆದುಕೊಳ್ಳುವುದಿಲ್ಲ. ಬರೆಯುವಾಗ ಒಂದು ಸಲಕ್ಕೆ ಒಂದೇ ಕುಕಿ, ಉಳಿದವು ಇದ್ದಲ್ಲೇ ಇರುತ್ತವೆ. ಓದುವಾಗ ಎಲ್ಲವೂ ಒಂದೇ ಉದ್ದ ಸಾಲಾಗಿ ಬರುತ್ತವೆ, ಅದೂ ಹೆಸರು ಮತ್ತು ಮೌಲ್ಯ ಮಾತ್ರ. ಅವಧಿ ಎಷ್ಟು, ಪಾತ್ (ಸೈಟಿನ ಯಾವ ಫೋಲ್ಡರಿಗೆ ಸಲ್ಲುತ್ತದೆ) ಯಾವುದು ಎಂಬುದು ಅಲ್ಲಿ ಸಿಗುವುದಿಲ್ಲ. ಅದಕ್ಕೆ ಕ್ರೋಮ್‌ನಲ್ಲಿ ಅಪ್ಲಿಕೇಶನ್ ಟ್ಯಾಬ್, ಫೈರ್‌ಫಾಕ್ಸ್‌ನಲ್ಲಿ ಸ್ಟೋರೇಜ್ ಟ್ಯಾಬ್ ನೋಡಬೇಕು.

ಆ ಟ್ಯಾಬಿನ ಕುಕಿ ಪಟ್ಟಿಯಲ್ಲಿದ್ದೂ ಕನ್ಸೋಲ್‌ನಲ್ಲಿ ಕಾಣದ ಕುಕಿಯಿದ್ದರೆ ಎಚ್‌ಟಿಟಿಪಿಓನ್ಲಿ ಕಾಲಂ ನೋಡಿ. ಅಲ್ಲಿ ಗುರುತಿದ್ದರೆ ಅದನ್ನು ಜಾವಾಸ್ಕ್ರಿಪ್ಟ್ ಕಣ್ಣಿಗೆ ಬೀಳದಂತೆ ಬೇಕೆಂದೇ ಮುಚ್ಚಿಟ್ಟಿದ್ದಾರೆ. ಲಾಗಿನ್ ಕುಕಿ ಇರಬೇಕಾದದ್ದೇ ಹಾಗೆ. ನಿಮ್ಮ ಕೆಲಸ ಸಲೀಸಾಗಲೆಂದು ಆ ಗುರುತು ತೆಗೆಸಲು ಹೋಗಬೇಡಿ.

ಕುಕಿ ಬಾಯಿಬಿಟ್ಟು ದೂರುವ ಸಂದರ್ಭವೂ ಒಂದಿದೆ. ಸ್ಯಾಂಡ್‌ಬಾಕ್ಸ್ ಎಂಬ ನಿರ್ಬಂಧ ಹಾಕಿದ ಐಫ್ರೇಮ್‌ನೊಳಗೆ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟ) ಡಾಕ್ಯುಮೆಂಟ್.ಕುಕಿ ಮುಟ್ಟಿದರೆ 'ಸೆಕ್ಯುರಿಟಿ ಎರರ್' ಬರುತ್ತದೆ. ಆ ಫ್ರೇಮ್‌ಗೆ ಅಲೋ-ಸೇಮ್-ಆರಿಜಿನ್ ಅನುಮತಿ ಇಲ್ಲವೆಂದು ಅದರ ಅರ್ಥ.

ಆರು ಅಕ್ಷರಕ್ಕೆ ನೂರೆಂಟು ಬೈಟ್

ವಿಳಾಸ ಸರಿಯಾದ ಮೇಲೆ ಊರು ನಿಂತಿತು. ಸೊಸೆಗೆ ಉತ್ಸಾಹ ಬಂದು, ನೋಡಿದ ಊರುಗಳನ್ನೆಲ್ಲ ಒಂದೇ ಕುಕಿಯಲ್ಲಿ ಸೇರಿಸುತ್ತ ಹೋದಳು. ಮೊದಲು ಊರುಗಳ ನಡುವೆ ಸೆಮಿಕೋಲನ್ ಹಾಕಿದ್ದಳು. ಕುಕಿಯಲ್ಲಿ ಸೆಮಿಕೋಲನ್ ಎಂದರೆ ಮೌಲ್ಯ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಬೆಂಗಳೂರು ಉಳಿಯಿತು, ಅದರ ಹಿಂದೆ ನಿಂತವರೆಲ್ಲ ಬಸ್ಸು ತಪ್ಪಿಸಿಕೊಂಡರು.

ಪರಿಹಾರ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್, ಅಂದರೆ ಇಂಥ ಚಿಹ್ನೆಗಳನ್ನು ಸಂಕೇತಕ್ಕೆ ತಿರುಗಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್. ಕನ್ನಡ ಪಠ್ಯಕ್ಕಂತೂ ಇದು ಬೇಕೇ ಬೇಕು. ಇಲ್ಲದಿದ್ದರೆ ಬ್ರೌಸರ್ ಒಪ್ಪಿಕೊಂಡರೂ ಸರ್ವರ್ ಓದುವಾಗ ಅಕ್ಷರ ಕಲಸಿಹೋಗಬಹುದು. ಆದರೆ ಬೆಲೆ ತೆರಬೇಕು. 'ಶ್ರೀರಂಗಪಟ್ಟಣ' ನಮ್ಮ ಕಣ್ಣಿಗೆ ಆರು ಅಕ್ಷರ. ಯುನಿಕೋಡ್‌ಗೆ ಅದು ಒತ್ತು, ದೀರ್ಘ, ಸೊನ್ನೆ ಎಲ್ಲ ಸೇರಿ 12 ಸಂಕೇತ. ಯುಟಿಎಫ್-8 ಎಂಬ ಬರೆಯುವ ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಅಂದರೆ 36. ಎನ್‌ಕೋಡ್ ಮಾಡಿದಾಗ ಒಂದೊಂದು ಬೈಟ್ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಯಾಗಿ ಮೂರು ಪಟ್ಟು ಹಿಗ್ಗಿ 108 ಆಗುತ್ತದೆ. ಒಂದು ಕುಕಿಯ ಹೆಸರು, ಮೌಲ್ಯ ಸೇರಿ ಬ್ರೌಸರ್ ಕೊಡುವ ಜಾಗ ಸುಮಾರು 4096 ಬೈಟ್. ಇಂಥ 37 ಊರು ಬರೆಯುವಷ್ಟರಲ್ಲಿ ಗಡಿ ಹತ್ತಿರ.

ಗಡಿ ದಾಟಿದಾಗ ಏನಾಗುತ್ತದೆಂಬುದನ್ನು ಗಮನಿಸಿ. ಹೊಸ ಕುಕಿ ತಿರಸ್ಕೃತವಾಗುತ್ತದೆ, ಹಳೆಯದು ಇದ್ದಂತೆಯೇ ಉಳಿಯುತ್ತದೆ. ಕುಕಿ ಕೆಟ್ಟಿದೆ ಎನಿಸುವುದೇ ಇಲ್ಲ, ಪಟ್ಟಿ ಬೆಳೆಯುವುದು ನಿಂತಿರುತ್ತದೆ ಅಷ್ಟೆ. ಪಟ್ಟಿಯಲ್ಲಿ ಊರ ಹೆಸರಿನ ಬದಲು ಸಂಖ್ಯೆ ಇಟ್ಟರೆ ಈ ಗೋಳಿಲ್ಲ.

ಅಳಿಸಿದರೂ ಅಳಿಯದ್ದು

ನನ್ನ ಅನುಭವದಲ್ಲಿ ಬರೆಯುವುದಕ್ಕಿಂತ ಅಳಿಸುವಾಗಲೇ ಹೆಚ್ಚು ತಲೆನೋವು. ಡಾಕ್ಯುಮೆಂಟ್.ಕುಕಿಯಲ್ಲಿ ಅಳಿಸುವ ಆಜ್ಞೆಯೇ ಇಲ್ಲ. ಕಳೆದುಹೋದ ಸಮಯವನ್ನು ಅವಧಿಯಾಗಿ ಕೊಟ್ಟು ಮತ್ತೆ ಬರೆಯಬೇಕು. ಆಗ ಪಾತ್ ಮತ್ತು ಡೊಮೈನ್ ಮೊದಲಿದ್ದಂತೆಯೇ ಇರಬೇಕು. ಬರೆಯುವಾಗ ಪಾತ್ ಹೇಳದಿದ್ದರೆ ಆ ಪುಟವಿರುವ ಫೋಲ್ಡರೇ ಪಾತ್ ಆಗಿಬಿಡುತ್ತದೆ. 'ಮಾರ್ಗ' ಫೋಲ್ಡರ್‌ನ ಪುಟದಲ್ಲಿ ಬರೆದದ್ದು ಮುಖಪುಟಕ್ಕೆ ಕಾಣುವುದಿಲ್ಲ, ಮುಖಪುಟದಿಂದ ಬರಿಯ ಓರೆಗೆರೆಯ ಪಾತ್ ಕೊಟ್ಟು ಅಳಿಸಿದರೆ ಅದಕ್ಕೆ ತಟ್ಟುವುದೂ ಇಲ್ಲ. ಒಂದೇ ಹೆಸರಿನ ಎರಡು ಕುಕಿ ಪಟ್ಟಿಯಲ್ಲಿ ಕಂಡರೆ ಇದೇ ಕಾರಣವೆಂದು ತಿಳಿಯಿರಿ.

ಇನ್ನೊಂದು ತಪ್ಪು ಭಾರತದಲ್ಲಿರುವ ನಮಗೇ ಹೇಳಿ ಮಾಡಿಸಿದ್ದು. ಅವಧಿ ಹೇಳುವ ಎಕ್ಸ್‌ಪೈರ್ಸ್ ಮುಂದೆ ದಿನಾಂಕದ ಆಬ್ಜೆಕ್ಟನ್ನು ಹಾಗೇ ಕೂಡಿಸಿದರೆ ಸ್ಥಳೀಯ ಸಮಯ ಬರೆಯಲ್ಪಟ್ಟು, ಪಕ್ಕದಲ್ಲಿ ಜಿಎಂಟಿ+0530 ಎಂದು ಬರುತ್ತದೆ. ಕುಕಿಯ ನಿಯಮದಂತೆ ಬ್ರೌಸರ್ ಆ ಬಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಗಡಿಯಾರದ ಅಂಕಿಯನ್ನೇ ಗ್ರೀನಿಚ್ ಸಮಯವೆಂದು ಓದುತ್ತದೆ. ಸಂಜೆ 4ಕ್ಕೆ ಕೂತು, ಒಂದು ಗಂಟೆ ಹಿಂದಿನ ಸಮಯ ಕೊಟ್ಟು ಅಳಿಸಿದ್ದೀರಿ ಎನ್ನಿ. ಬ್ರೌಸರ್‌ಗೆ ಅದು ಗ್ರೀನಿಚ್‌ನ 3 ಗಂಟೆ, ಅಂದರೆ ನಮ್ಮ ರಾತ್ರಿ 8.30. ಅಲ್ಲಿಯವರೆಗೆ ಕುಕಿ ಆರಾಮಾಗಿ ಬದುಕಿರುತ್ತದೆ. ಇದೇ ಕೋಡನ್ನು ನ್ಯೂಜೆರ್ಸಿಯ ಗೆಳೆಯನಿಗೆ ಕಳಿಸಿದರೆ ತಕ್ಷಣ ಅಳಿಯುತ್ತದೆ, "ನನ್ನತ್ರ ಸರಿ ಇದೆಯಲ್ಲೋ" ಎನ್ನುತ್ತಾನೆ. ಅವನಿರುವುದು ಗ್ರೀನಿಚ್‌ನ ಹಿಂದೆ, ನಾವು ಮುಂದೆ. ದಿನಾಂಕಕ್ಕೆ ಗ್ರೀನಿಚ್ ಸಮಯದಲ್ಲೇ ಬರೆಯುವ ಟುಯುಟಿಸಿಸ್ಟ್ರಿಂಗ್ ಹಚ್ಚಿ. ಅದಕ್ಕಿಂತ ಸುಲಭ, ಆಯುಸ್ಸನ್ನು ಸೆಕೆಂಡಿನಲ್ಲಿ ಹೇಳುವ ಮ್ಯಾಕ್ಸ್-ಏಜ್‌ಗೆ ಸೊನ್ನೆ ಕೊಡಿ.

ಸರ್ವರ್ ಬೇರೆ ಕಡೆ ಇದ್ದರೆ

ಪುಟ ಒಂದು ಡೊಮೈನ್‌ನಲ್ಲಿ, ಸರ್ವರ್ ಇನ್ನೊಂದರಲ್ಲಿ ಇದ್ದರೆ ಕನ್ಸೋಲ್ ಬಿಟ್ಟು ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಸಂಬಂಧಪಟ್ಟ ರಿಕ್ವೆಸ್ಟ್ ಮೇಲೆ ಕ್ಲಿಕ್ ಮಾಡಿದರೆ ಸರ್ವರ್ ಕುಕಿ ಕಳಿಸುವ ಸೆಟ್-ಕುಕಿ ಸಾಲಿನ ಬಳಿ ಹಳದಿ ತ್ರಿಕೋನ ಕಾಣಬಹುದು. ಅದರ ಮೇಲೆ ಮೌಸ್ ಇಟ್ಟರೆ ಕುಕಿಯನ್ನು ಏಕೆ ತಡೆಯಿತೆಂದು ಕ್ರೋಮ್ ತಾನೇ ಹೇಳುತ್ತದೆ.

ಬಹುಪಾಲು ಕಾರಣ ಸೇಮ್‌ಸೈಟ್, ಅಂದರೆ ಬೇರೆ ಸೈಟ್‌ನಿಂದ ಹೊರಟ ರಿಕ್ವೆಸ್ಟ್ ಜೊತೆ ಕುಕಿ ಹೋಗಬಹುದೇ ಎಂದು ಹೇಳುವ ವಿವರ. 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ, ಏನೂ ಹೇಳದ ಕುಕಿಯನ್ನು ಲ್ಯಾಕ್ಸ್ ಎಂದೇ ಪರಿಗಣಿಸುತ್ತಾರೆ. ಬೇರೆ ಸೈಟ್‌ನಿಂದ ಫೆಚ್ (ಜಾವಾಸ್ಕ್ರಿಪ್ಟ್‌ನಲ್ಲಿ ಮಾಹಿತಿ ತರಿಸುವ ಆಜ್ಞೆ) ಮಾಡಿದಾಗ ಅದು ಜೊತೆಗೆ ಹೋಗುವುದಿಲ್ಲ. ಹೋಗಬೇಕೆಂದರೆ ಸೇಮ್‌ಸೈಟ್‌ಗೆ ನನ್ ಎಂದು ಕೊಟ್ಟು, ಜೊತೆಗೆ ಸೆಕ್ಯೂರ್ ಸೇರಿಸಿ, ಎಚ್‌ಟಿಟಿಪಿಎಸ್‌ನಲ್ಲಿ ಓಡಿಸಬೇಕು. ಫೆಚ್‌ನಲ್ಲಿ ಕ್ರೆಡೆನ್ಷಿಯಲ್ಸ್‌ಗೆ ಇನ್‌ಕ್ಲೂಡ್ ಎಂದಿರಬೇಕು. ಸರ್ವರ್ ಕೂಡ ಒಪ್ಪಿಗೆಯ ಹೆಡರ್ ಕಳಿಸಬೇಕು, ಅದರಲ್ಲಿ ನಕ್ಷತ್ರ ಹಾಕಿ ಎಲ್ಲರಿಗೂ ಬಾಗಿಲು ತೆರೆದರೆ ನಡೆಯದು, ನಿಮ್ಮ ಪುಟದ ವಿಳಾಸವನ್ನೇ ಬರೆಯಬೇಕು. ಇಷ್ಟೆಲ್ಲ ಮಾಡಿದರೂ ಆ್ಯಪಲ್‌ನ ಬ್ರೌಸರ್ ಸಫಾರಿ 2020ರಿಂದಲೇ ಮೂರನೆಯವರ ಕುಕಿಯನ್ನು (ಪುಟದ್ದಲ್ಲದ ಡೊಮೈನ್ ಇಡುವ ಕುಕಿ) ಪೂರ್ತಿ ತಡೆದಿದೆ. ಪುಟ, ಸರ್ವರ್ ಎರಡನ್ನೂ ಒಂದೇ ಡೊಮೈನ್‌ನಡಿ ತರಲು ಸಾಧ್ಯವಿದ್ದರೆ ಆ ದಾರಿಯೇ ಮೇಲು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಸ್ವಂತ ಕುಕಿಗೂ ಸಫಾರಿ ಕೊಡುವ ಆಯುಸ್ಸು 7 ದಿನ. ಐಫೋನ್‌ನವರು ಮಾತ್ರ ವಾರಕ್ಕೊಮ್ಮೆ ದೂರುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ಕೊನೆಗೆ ಸೊಸೆಯನ್ನು ಕೇಳಿದೆ: "ಊರ ಹೆಸರು ಸರ್ವರ್‌ಗೆ ಬೇಕೇನೇ?" ಬೇಡವಂತೆ. ಹಾಗಾದರೆ ಪ್ರತಿ ರಿಕ್ವೆಸ್ಟ್ ಜೊತೆ ಅದನ್ನು ಹೊತ್ತು ತಿರುಗುವುದೇಕೆ? ಸರ್ವರ್‌ಗೆ ಹೋಗದೆ ಬ್ರೌಸರ್‌ನಲ್ಲೇ ಉಳಿಯುವ ಲೋಕಲ್‌ಸ್ಟೋರೇಜ್‌ಗೆ ಹಾಕಿದಳು, ನಾಲ್ಕು ಸಾಲಿನಲ್ಲಿ ಕೆಲಸ ಮುಗಿಯಿತು. ಉಳಿದದ್ದು ಭಾವನ ಫೋನಿನಲ್ಲಿರುವ ಹಳೆಯ ಕುಕಿ. ಅವಳು ಹತ್ತು ವರ್ಷದ ಅವಧಿ ಕೊಟ್ಟಿದ್ದರೂ ಕ್ರೋಮ್ ಅದನ್ನು 400 ದಿನಕ್ಕೆ ಕತ್ತರಿಸಿದೆ. ಅಳಿಸಲು ಸರಿಯಾದ ಪಾತ್ ಕೊಟ್ಟು ಒಂದು ಸಾಲು ಸೇರಿಸಿದ್ದಾಳೆ, ಆದರೆ ಅದು ಓಡಬೇಕಾದರೆ ಭಾವ ಒಮ್ಮೆ ಆ ಪುಟ ತೆರೆಯಬೇಕು. ಅವರು ತೆರೆಯುತ್ತಿಲ್ಲ. ಬಸ್ಸಿನ ವೇಳೆಯೆಲ್ಲ ಅವರಿಗೆ ಬಾಯಿಪಾಠ.