ನವರಾತ್ರಿಯ ಕತ್ತಲಿನಲ್ಲಿ ಧ್ರುವಪ್ರಭೆ: ನಾರ್ವೆಯ ಹಡಗು ಯಾತ್ರೆಯನ್ನು ನಾನು ಯೋಜಿಸಿದ ಬಗೆ

ಧ್ರುವಪ್ರಭೆ (ಉತ್ತರದ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು, ಅರೋರಾ) ನೋಡಬೇಕಾದರೆ ಡಿಸೆಂಬರ್‌ನಲ್ಲೇ ಹೋಗಬೇಕು, ಹಡಗಿನಲ್ಲಾದರೆ ಬಾಲ್ಕನಿ ಇರುವ ಕ್ಯಾಬಿನ್ನನ್ನೇ ಹಿಡಿಯಬೇಕು, ಭೂಮಿಯ ಕಾಂತಕ್ಷೇತ್ರದ ಕ್ಷೋಭೆಯನ್ನು 0ರಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ 5 ದಾಟಿದ ರಾತ್ರಿಗಾಗಿ ಕಾಯಬೇಕು ಎಂಬ ಮೂರು ಮಾತುಗಳನ್ನು ನಮ್ಮ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ ಸ್ನೇಹಿತರಿಂದ ಹಿಡಿದು ಬೆಂಗಳೂರಿನ ಟ್ರಾವೆಲ್ ಏಜೆಂಟರವರೆಗೆ ಎಲ್ಲರೂ ನನಗೆ ಹೇಳಿದ್ದರು. ನಾನು ಈ ಮೂರನ್ನೂ ಪಕ್ಕಕ್ಕಿಟ್ಟು, ಪಂಚಾಂಗ ನೋಡಿ ನವರಾತ್ರಿಯ ದಿನಗಳನ್ನು ಗೊತ್ತುಮಾಡಿಕೊಂಡು, ಕಿಟಕಿಯೇ ಇಲ್ಲದ ಕ್ಯಾಬಿನ್ನಿನಲ್ಲಿ ಪತ್ನಿಯೊಡನೆ ನಾರ್ವೆಯ ಕರಾವಳಿಯ ಉದ್ದಕ್ಕೂ ಹೋಗಿ ಬಂದೆ. ಧ್ರುವಪ್ರಭೆ ಒಂದಲ್ಲ, ಹಲವು ರಾತ್ರಿ ಕಂಡಿತು. ಅಂದು ತಲೆಯಾಡಿಸಿದವರೇ ಇಂದು ದಿನಾಂಕ ಕೇಳಿಕೊಂಡು ಫೋನ್ ಮಾಡುತ್ತಿರುವುದರಿಂದ, ನಡೆದದ್ದನ್ನು ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು. ವೀಸಾ ಅರ್ಜಿ ತುಂಬುವುದು, ಕೆಪಿ ಓದುವುದು, ಕ್ಯಾಮೆರಾದ ಮ್ಯಾನುವಲ್ ಮೋಡ್ ಮೊದಲಾದವು ಓದುಗರಿಗೆ ತಿಳಿದಿವೆ ಎಂದೇ ಭಾವಿಸಿದ್ದೇನೆ.

ಇದಕ್ಕೆ ಕೆಲವು ವರ್ಷ ಮೊದಲು ನಾವು ಎಲ್ಲರೂ ಹೋಗುವ ದಾರಿಯಲ್ಲೇ ಹೋಗಿದ್ದೆವು. ಏಜೆನ್ಸಿಯೊಂದರ ಪ್ಯಾಕೇಜ್, ಡಿಸೆಂಬರ್ ತಿಂಗಳು, ಉತ್ತರ ನಾರ್ವೆಯ ಟ್ರೊಮ್ಸೊ ಊರಿನಲ್ಲಿ ಹೋಟೆಲ್, ತಲೆಗೆ ಸುಮಾರು 2.75 ಲಕ್ಷ ರೂಪಾಯಿ. ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೊಂದು ಬರುವ ವಾಯುಭಾರ ಕುಸಿತಗಳು ಆ ಕರಾವಳಿಯನ್ನು ಚಳಿಗಾಲದಲ್ಲಿ ವಾರಗಟ್ಟಲೆ ಮೋಡದಲ್ಲಿ ಮುಚ್ಚಿಡಬಲ್ಲವು. ನಾವು ಇದ್ದಷ್ಟು ದಿನವೂ ಹಾಗೆಯೇ ಆಯಿತು. ಮೋಡವಿಲ್ಲದ ಒಳನಾಡು ಹುಡುಕಿಕೊಂಡು ಫಿನ್‌ಲ್ಯಾಂಡ್ ಗಡಿಯ ದಿಕ್ಕಿಗೆ ಹೋಗುವ ಮಿನಿಬಸ್ಸಿಗೆ ತಲೆಗೆ ಹದಿನೈದು ಸಾವಿರದಷ್ಟು ಬೇರೆಯಾಗಿ ತೆರಬೇಕಾಯಿತು. ಅದರಲ್ಲೂ ಒಂದು ರಾತ್ರಿಯ ಸವಾರಿಯನ್ನು ರಸ್ತೆಯಲ್ಲಿ ಹಿಮಗಟ್ಟಿದೆಯೆಂದು ರದ್ದು ಮಾಡಿದರು, ಕೊಟ್ಟ ಹಣ ಮರಳಿ ಬರಲೇ ಇಲ್ಲ. ಒಂದೇ ಊರಿನಲ್ಲಿ ಕುಳಿತು ಆಕಾಶ ತೆರೆಯುವುದನ್ನು ಕಾಯುವುದಕ್ಕಿಂತ, ರಾತ್ರಿಯಿಂದ ರಾತ್ರಿಗೆ ಬೇರೆ ಬೇರೆ ಆಕಾಶದ ಕೆಳಗೆ ಇರುವುದೇ ಮೇಲು ಎಂಬ ಲೆಕ್ಕಾಚಾರ ಆಗಲೇ ತಲೆಯಲ್ಲಿ ಶುರುವಾಯಿತು.

ಆ ಲೆಕ್ಕಕ್ಕೆ ಸರಿಹೊಂದಿದ್ದು ನಾರ್ವೆಯ ಪಶ್ಚಿಮ ಕರಾವಳಿಯ ಬೆರ್ಗೆನ್‌ನಿಂದ ರಷ್ಯಾ ಗಡಿಯ ಬಳಿಯ ಕಿರ್ಕೆನೆಸ್‌ವರೆಗೆ ಹೋಗಿ ಹಿಂದಿರುಗುವ ಕರಾವಳಿ ಹಡಗು. 1893ರಲ್ಲಿ ಅಂಚೆ, ಸರಕು ಮತ್ತು ಪ್ರಯಾಣಿಕರಿಗಾಗಿ ಆರಂಭವಾದ ಈ ಮಾರ್ಗದಲ್ಲಿ ಹುರ್ಟಿಗ್ರುಟೆನ್ ಮತ್ತು 2021ರಿಂದ ಹಾವಿಲಾ ಎಂಬ ಎರಡು ಕಂಪನಿಗಳ ಹಡಗುಗಳು ಓಡುತ್ತವೆ. ಒಟ್ಟು 34 ಬಂದರು, ಹೋಗಿ ಬರಲು 12 ದಿನ. ದೊಡ್ಡ ವಿಹಾರ ನೌಕೆಗಳ ಹಾಗೆ ಇವುಗಳಲ್ಲಿ ಈಜುಕೊಳ, ನಾಟಕಶಾಲೆಗಳ ದೀಪಾಲಂಕಾರವಿಲ್ಲ. ರಾತ್ರಿ ಡೆಕ್ಕಿನಲ್ಲಿ ನಿಲ್ಲುವವನಿಗೆ ಇದು ಬಹಳ ದೊಡ್ಡ ಅನುಕೂಲ. ಹೊರಟ ನಾಲ್ಕನೆಯ ದಿನ ಬೆಳಿಗ್ಗೆ ಹಡಗು ಆರ್ಕ್‌ಟಿಕ್ ವೃತ್ತವನ್ನು ದಾಟುತ್ತದೆ, ಮರಳುವಾಗ ಹತ್ತನೆಯ ದಿನ ಮತ್ತೆ ದಾಟಿ ಕೆಳಗಿಳಿಯುತ್ತದೆ. ನಡುವಿನ ಆರು ರಾತ್ರಿಗಳೇ ನಾವು ಹಣ ಕೊಟ್ಟು ಕೊಳ್ಳುತ್ತಿರುವ ನಿಜವಾದ ಸರಕು. ಉಳಿದದ್ದೆಲ್ಲ ಊಟ ಮತ್ತು ನೋಟ.

ಈ ಹಡಗು ಧ್ರುವಪ್ರಭೆಯ ಬೆನ್ನು ಹತ್ತುವುದಿಲ್ಲ, ಅದು ತನ್ನ ವೇಳಾಪಟ್ಟಿಯನ್ನೇ ಪಾಲಿಸುತ್ತದೆ ಎಂಬುದು ಸ್ನೇಹಿತರ ಮುಖ್ಯ ಆಕ್ಷೇಪವಾಗಿತ್ತು. ಅದು ನಿಜವೂ ಹೌದು. ಆದರೆ ಲೊಫೊಟೆನ್ ದ್ವೀಪಗಳ ಮೇಲೆ ಮೋಡ ಕವಿದಿರುವಾಗ ಇನ್ನೂ ಉತ್ತರದ ಹ್ಯಾಮರ್‌ಫೆಸ್ಟ್ ಬಂದರಿನ ಕಡೆ ತೆರೆದ ಆಕಾಶ ಇರಬಹುದು, ಮರುದಿನ ಅದು ತಿರುಗುಮುರುಗಾಗಬಹುದು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹಡಗು ಎರಡು ಸಲ ಈ ಕರಾವಳಿಯನ್ನು ಹಾಯುತ್ತದೆ. ಕೆಪಿ 5ರ ಮಾತೂ ಅಲ್ಲಿಗೆ ಹೊಂದುವುದಿಲ್ಲ. ಟ್ರೊಮ್ಸೊ ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧ್ರುವಪ್ರಭೆಯ ವಲಯದ ನೇರ ಕೆಳಗೆ. ಅಲ್ಲಿ ಕೆಪಿ 2 ಇದ್ದರೂ ಸಾಕು. ಕೊರತೆ ಬೀಳುವುದು ಬೆಳಕಿಗಲ್ಲ, ಕತ್ತಲಿಗೆ ಮತ್ತು ಮೋಡವಿಲ್ಲದ ಆಕಾಶಕ್ಕೆ. 2024ರ ಮೇ ತಿಂಗಳ ಮಹಾ ಸೌರ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಿಂದ ಕೆಂಪು ಬೆಳಕಿನ ಚಿತ್ರಗಳು ಬಂದಾಗ, ಅಷ್ಟು ದೂರ ಏಕೆ, ಲಡಾಖ್‌ಗೇ ಹೋಗಬಹುದಲ್ಲ ಎಂದವರಿದ್ದರು. ಅದು ಅತಿ ಅಪರೂಪದ ಬಿರುಗಾಳಿ. ಅಂಥದ್ದನ್ನು ನೆಚ್ಚಿಕೊಂಡು ಟಿಕೆಟ್ ತೆಗೆಯಲಾಗದು.

ಇನ್ನು ಕತ್ತಲಿನ ಲೆಕ್ಕ. ನನ್ನ ವಿಧಾನದ ಹುರುಳಿರುವುದು ಇದರಲ್ಲೇ. ಅಮಾವಾಸ್ಯೆಯ ಆಸುಪಾಸು ಹೋಗಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಅಮಾವಾಸ್ಯೆಗೆ ಮೊದಲಿನ ವಾರವೋ ನಂತರದ ವಾರವೋ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಊರಿನ ಅಕ್ಷಾಂಶದಲ್ಲಿ ಅದರಿಂದ ಹೆಚ್ಚಿನ ವ್ಯತ್ಯಾಸವಾಗದು. 70 ಡಿಗ್ರಿ ಉತ್ತರದಲ್ಲಿ ಆಗುವ ವ್ಯತ್ಯಾಸ ಬಹಳ ದೊಡ್ಡದು. ಆಶ್ವಯುಜದ ಶುಕ್ಲಪಕ್ಷದಲ್ಲಿ ಚಂದ್ರ ತದಿಗೆ ಚೌತಿಯ ಹೊತ್ತಿಗೆ ಆಕಾಶದ ದಕ್ಷಿಣ ಭಾಗಕ್ಕೆ ಇಳಿಯತೊಡಗಿ, ಅಷ್ಟಮಿ ನವಮಿಗೆ ಧನು ರಾಶಿಯ ಸುತ್ತಮುತ್ತ ಬಹಳ ಕೆಳಗೆ ಇರುತ್ತಾನೆ. ಸಕಲೇಶಪುರದಲ್ಲಿ ಆ ಅರ್ಧಚಂದ್ರ ಸಂಜೆಯಿಂದ ನಡುರಾತ್ರಿಯವರೆಗೆ ಚೆನ್ನಾಗಿ ಕಾಣುತ್ತಾನೆ, ಟ್ರೊಮ್ಸೊದಲ್ಲಿ ಹೆಚ್ಚಿನ ವರ್ಷಗಳಲ್ಲಿ ಅದೇ ಚಂದ್ರ ದಿಗಂತದಿಂದ ಮೇಲೇಳುವುದೇ ಇಲ್ಲ. ಅಂದರೆ ಮಹಾಲಯ ಅಮಾವಾಸ್ಯೆಯಿಂದ ಮಹಾನವಮಿಯವರೆಗಿನ ನವರಾತ್ರಿಗಳು ಅಲ್ಲಿ ಹೆಚ್ಚುಕಡಿಮೆ ಪೂರ್ತಿ ಕತ್ತಲಿನ ರಾತ್ರಿಗಳು. ಅದೇ ಮಾಸದ ಕೃಷ್ಣಪಕ್ಷದ ಅಷ್ಟಮಿಗೆ ಹೋದರೆ, ಅಷ್ಟೇ ಗಾತ್ರದ ಚಂದ್ರ ಅಲ್ಲಿ ಎತ್ತರದಲ್ಲಿ ಗಂಟೆಗಟ್ಟಲೆ ಬೆಳಗುತ್ತಿರುತ್ತಾನೆ.

ಮಾರ್ಚ್‌ನಲ್ಲಿ ಹೋಗುವವರಿಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ: ಯುಗಾದಿಯ ಹಿಂದಿನ ವಾರ ಒಳ್ಳೆಯದು, ಯುಗಾದಿ ಕಳೆದ ವಾರ ಬೇಡ. ಯುಗಾದಿ ಏಪ್ರಿಲ್‌ಗೆ ಜಾರಿದ ವರ್ಷ ಅಲ್ಲಿ ರಾತ್ರಿಯೇ ಸಣ್ಣದಾಗಿಬಿಡುವುದರಿಂದ ಆ ಯೋಚನೆಯನ್ನೇ ಕೈಬಿಡಬೇಕು. ಎರಡೂ ಕಾಲಕ್ಕೆ ಇನ್ನೊಂದು ಲಾಭವಿದೆ. ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ಗಳ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರದ ಕ್ಷೋಭೆ ಹೆಚ್ಚು. ಭೂಮಿಯ ಮತ್ತು ಸೂರ್ಯನಿಂದ ಬರುವ ಕಾಂತಕ್ಷೇತ್ರಗಳ ನಡುವಿನ ಕೋನ ಇದಕ್ಕೆ ಕಾರಣವೆಂದು 1973ರಲ್ಲಿ ರಸೆಲ್ ಮತ್ತು ಮ್ಯಾಕ್‌ಫೆರಾನ್ ಎಂಬ ವಿಜ್ಞಾನಿಗಳು ವಿವರಿಸಿದ್ದರು. ತೋಟದವರಿಗೆ ಮಾರ್ಚ್ ಕಷ್ಟ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂವಿನ ಮಳೆ ಬರುತ್ತದೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ಚಿಂತೆಯ ಕಾಲ ಅದು. ನವರಾತ್ರಿಯಾದರೆ ಮಳೆಗಾಲದ ಕೆಲಸಗಳು ಮುಗಿಯುತ್ತ ಬಂದಿರುತ್ತವೆ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಮುಂದಿನ ಅಮಾವಾಸ್ಯೆ, ಅಂದರೆ ದೀಪಾವಳಿಯ ಹೊತ್ತೂ ಆಕಾಶದ ಮಟ್ಟಿಗೆ ಒಳ್ಳೆಯದೇ. ಆಗ ಹಾಸನಾಂಬೆಯ ಬಾಗಿಲು ತೆರೆದು ಮನೆ ತುಂಬ ನೆಂಟರಿರುವುದರಿಂದ ನಮಗೆ ಅದು ಸಾಧ್ಯವಿರಲಿಲ್ಲ.

ಮನೆಯಲ್ಲಿ ಒಪ್ಪಿಸುವುದು ಸುಲಭವಾಗಲಿಲ್ಲ. "ಆಯುಧಪೂಜೆ ದಿನ ಯಜಮಾನನೇ ಊರಲ್ಲಿ ಇಲ್ಲ ಅಂದ್ರೆ ಹೇಗಪ್ಪಾ, ಪಲ್ಪರ್‌ಗೂ ಜೀಪಿಗೂ ಪೂಜೆ ಮಾಡೋರು ಯಾರು?" ಎಂದು ದೊಡ್ಡಮ್ಮ ಕೇಳಿದರು. ತಮ್ಮ ಆ ಹೊಣೆ ಹೊತ್ತುಕೊಂಡ. ಪೂಜೆಯನ್ನು ನಾನು ನಾರ್ವೆಯ ಬಂದರಿನಿಂದ ಫೋನಿನಲ್ಲೇ ನೋಡಿದೆ.

ಪ್ರಯಾಣಕ್ಕೆ ಮೊದಲು ಒಂದು ಪ್ರಯೋಗ ಮಾಡಿದ್ದೆ. ತೋಟದ ಮಳೆ ಪುಸ್ತಕದಲ್ಲಿ ಇಂಚು ಸೆಂಟಿನ (ಸೆಂಟು ಎಂದರೆ ಇಂಚಿನ ನೂರನೆಯ ಭಾಗ) ಕಾಲಂ ಪಕ್ಕ ಇನ್ನೊಂದು ಗೆರೆ ಎಳೆದು, ಪ್ರತಿದಿನದ ಅತಿ ಹೆಚ್ಚಿನ ಕೆಪಿಯನ್ನು ಬಹುಕಾಲ ಬರೆದಿಟ್ಟೆ. ಸೂರ್ಯ ಭೂಮಿಗೆ ಕಾಣುವಂತೆ ಸುಮಾರು 27 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುವುದರಿಂದ, ವೇಗದ ಸೌರಮಾರುತ (ಸೂರ್ಯನಿಂದ ಬೀಸುವ ಕಣಗಳ ಹರಿವು) ಹೊರಡುವ ಜಾಗ ಮತ್ತೆ ನಮ್ಮ ಕಡೆ ಮುಖ ಮಾಡಿದಾಗ ಕೆಪಿ ಏರುತ್ತದೆ ಎಂಬುದು ಪುಸ್ತಕದಲ್ಲೂ ಕಂಡುಬಂತು. ಎರಡು ಮೂರು ಸುತ್ತು ಹೊಂದಿಕೊಂಡು, ಆಮೇಲೆ ತಾಳ ತಪ್ಪುತ್ತಿತ್ತು. ಆದ್ದರಿಂದ ಆರು ತಿಂಗಳು ಮುಂಚೆ ಟಿಕೆಟ್ ತೆಗೆಯಲು ಇದು ಉಪಯೋಗಕ್ಕೆ ಬರುವುದಿಲ್ಲ. ಹಡಗು ಹತ್ತಿದ ಮೇಲೆ ಯಾವ ರಾತ್ರಿ ಹಗಲೇ ಮಲಗಿ ಎದ್ದಿರಬೇಕು ಎಂದು ನಿರ್ಧರಿಸಲು ನಿಜವಾಗಿಯೂ ಉಪಯೋಗಕ್ಕೆ ಬಂತು.

ಇನ್ನೊಂದು ಪ್ರಯೋಗ ಕ್ಯಾಮೆರಾದ್ದು. ನೆಲದ ಮೇಲೆ ಹತ್ತು ಸೆಕೆಂಡ್ ಶಟರ್ ತೆರೆದಿಡುವವರ ಲೆಕ್ಕ ತೇಲುವ ಹಡಗಿಗೆ ನಡೆಯುವುದಿಲ್ಲ. ಅಮಾವಾಸ್ಯೆಯ ರಾತ್ರಿ ತೋಟದ ಕೆರೆಯಲ್ಲಿ ತೆಪ್ಪ ಇಳಿಸಿ, ಅದರಲ್ಲಿ ಕುಳಿತು ನಕ್ಷತ್ರಗಳನ್ನು ತೆಗೆದು ನೋಡಿದೆ. ಐದು ಸೆಕೆಂಡಿಗೆ ನಕ್ಷತ್ರಗಳೆಲ್ಲ ಎಳೆಯಾಗಿಬಿಟ್ಟವು, ಎರಡು ಸೆಕೆಂಡಿಗೆ ಪರವಾಗಿಲ್ಲ, ಒಂದಕ್ಕೆ ಚುಕ್ಕೆಯಾಗಿ ನಿಂತವು. ಹಡಗಿನಲ್ಲೂ ಒಂದರಿಂದ ಎರಡು ಸೆಕೆಂಡ್, ಐಎಸ್‌ಒ 3200ರಿಂದ 6400, ಎಫ್ 1.8ರ ಅಗಲ ಲೆನ್ಸ್ ಇಷ್ಟರಲ್ಲೇ ಚಿತ್ರಗಳು ಬಂದವು. ಹಡಗಿನ ಎಂಜಿನ್ನಿನ ನಡುಕ ಟ್ರೈಪಾಡಿನ ಕಾಲುಗಳ ಮೂಲಕ ಏರುತ್ತದೆ. ಹಳೆಯ ಕಾಫಿ ಗೋಣಿಯ ತುಂಡುಗಳನ್ನು ನಾಲ್ಕು ಮಡಿಕೆ ಮಾಡಿ ಒಂದೊಂದು ಕಾಲಿನ ಕೆಳಗೂ ಇಟ್ಟಿದ್ದರಿಂದ ಆ ಅದುರು ಬಹುಪಾಲು ನಿಂತಿತು, ಪಕ್ಕದಲ್ಲಿದ್ದ ಜರ್ಮನ್ ಛಾಯಾಗ್ರಾಹಕರೊಬ್ಬರು ಎರಡು ತುಂಡು ಕೇಳಿ ತೆಗೆದುಕೊಂಡರು.

ಹಣದ ವಿಷಯ. ಒಳಗಿನ ಕ್ಯಾಬಿನ್, ಮೂರು ಹೊತ್ತಿನ ಊಟ ಸೇರಿ ಇಬ್ಬರಿಗೆ ನೆನಪಿನ ಮೇಲೆ 3.7 ಲಕ್ಷ. ಬೆಂಗಳೂರಿನಿಂದ ಬೆರ್ಗೆನ್‌ಗೆ ಹೋಗಿ ಬರುವ ವಿಮಾನ ಇಬ್ಬರಿಗೆ 1.6 ಲಕ್ಷದ ಸುಮಾರು. ವೀಸಾ ಮತ್ತು ವಿಮೆ ಮೂವತ್ತು ಸಾವಿರದ ಮೇಲೆ, ಬೆರ್ಗೆನ್‌ನಲ್ಲಿ ಹೋಟೆಲ್ ಮತ್ತು ಚಿಲ್ಲರೆ ಖರ್ಚು ಎಪ್ಪತ್ತು ಎಂಬತ್ತು ಸಾವಿರ. ಒಟ್ಟು ಆರೂವರೆ ಲಕ್ಷದೊಳಗೆ ಮುಗಿಯಿತು, ಇದೇ ಹಡಗಿಗೆ ಬಾಲ್ಕನಿ ಕ್ಯಾಬಿನ್ ಸೇರಿಸಿ ಏಜೆನ್ಸಿಯೊಂದು ಕೊಟ್ಟ ದರ ಒಂಬತ್ತು ಲಕ್ಷವನ್ನು ಮೀರಿತ್ತು. ಬಾಲ್ಕನಿಗೆ ಹಣ ಸುರಿಯುವುದು ವ್ಯರ್ಥ: ಅಷ್ಟು ಉತ್ತರದಲ್ಲಿ ಪ್ರಭೆ ನೆತ್ತಿಯ ಮೇಲೂ ಇರಬಹುದು, ದಕ್ಷಿಣಕ್ಕೂ ಇರಬಹುದು, ಹಡಗಂತೂ ದಿಕ್ಕು ಬದಲಿಸುತ್ತಲೇ ಇರುತ್ತದೆ. ನೋಡಬೇಕಾದವರು ಡೆಕ್ಕಿಗೇ ಬರಬೇಕು. ಬಟ್ಟೆಗೂ ಹೆಚ್ಚು ಖರ್ಚು ಮಾಡಲಿಲ್ಲ. ಆ ಕಾಲದಲ್ಲಿ ಕರಾವಳಿಯ ಉಷ್ಣಾಂಶ ಸಾಮಾನ್ಯವಾಗಿ ಶೂನ್ಯಕ್ಕಿಂತ ಮೇಲೆಯೇ ಇರುತ್ತದೆ, ಕಾಡುವುದು ಗಾಳಿ ಮಾತ್ರ. ಎರಡು ಪದರ ಉಣ್ಣೆಯ ಮೇಲೆ ತೋಟದಲ್ಲಿ ಮಳೆಗಾಲಕ್ಕೆ ಹಾಕುವ ರೇನ್‌ಕೋಟೇ ಸಾಕಾಯಿತು. ಚಟ್ನಿಪುಡಿ, ಹುರಿದ ಅವಲಕ್ಕಿ ಒಯ್ದಿದ್ದೆವು. ಹೊರಗಿನಿಂದ ಹಾಲಿನ ಪದಾರ್ಥ ಮತ್ತು ಮಾಂಸ ತರಲು ನಾರ್ವೆಯಲ್ಲಿ ಬಿಡುವುದಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು.

ಪ್ರಭೆ ಕಾಣದಿದ್ದರೆ ಇನ್ನೊಂದು ಸಣ್ಣ ಯಾತ್ರೆ ಉಚಿತವೆಂಬ ಭರವಸೆ ಈ ಮಾರ್ಗದಲ್ಲಿ ಇದೆ. ಅದನ್ನು ನಂಬಿ ಯೋಜನೆ ಮಾಡಬಾರದು, ಏಕೆಂದರೆ ವಿಮಾನದ ಖರ್ಚು ಮತ್ತೆ ನಮ್ಮದೇ. ಇಂಗ್ಲೆಂಡಿನ ಬಂದರಿನಿಂದ ಹೊರಡುವ ಅಗ್ಗದ ನೌಕೆಗಳ ಜಾಹೀರಾತಿಗೂ ಮರುಳಾಗಬಾರದು. ನಾರ್ವೆಗೆ ಬೇಕಾದ ಷೆಂಗೆನ್ ವೀಸಾದ ಜೊತೆಗೆ ಬ್ರಿಟನ್ನಿನ ವೀಸಾ ಬೇರೆ ಬೇಕಾಗುತ್ತದೆ, ಹಲವು ರಾತ್ರಿಗಳು ಉತ್ತರ ಸಮುದ್ರದಲ್ಲೇ ಕಳೆದುಹೋಗುತ್ತವೆ. ಒಳಗಿನ ಕ್ಯಾಬಿನ್ನಿನ ದರ ಯಾವ ಸಮಯದಲ್ಲಿ ಇಳಿಯುತ್ತದೆ ಎಂಬುದನ್ನೂ, ಡೆಕ್ಕಿನಲ್ಲಿ ಗಾಳಿಯೂ ದೀಪವೂ ತಾಗದಂತೆ ನಾನು ನಿಂತ ಜಾಗ ಯಾವುದೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಮತ್ತೊಮ್ಮೆ ಹೋಗುವ ಮನಸ್ಸಿದೆ, ಜಾಗ ಇಬ್ಬರಿಗೆ ಸಾಲುವಷ್ಟೇ ಇದೆ.

ಹೋಗುವಾಗ ಲೊಫೊಟೆನ್‌ನಲ್ಲಿ ಮಳೆ, ಟ್ರೊಮ್ಸೊದ ಆಚೆಗೆ ಮೋಡದ ಬಿರುಕಿನಲ್ಲಿ ಬೂದು ಬಣ್ಣದ ಒಂದು ಪಟ್ಟಿ ಮಾತ್ರ. ಕ್ಯಾಮೆರಾದಲ್ಲಿ ಅದು ಹಸಿರಾಗಿ ಬಂದರೂ ನಮ್ಮ ಮನಸ್ಸು ಒಪ್ಪಲಿಲ್ಲ. ಕಿರ್ಕೆನೆಸ್‌ನಿಂದ ಹಡಗು ತಿರುಗಿ, ವಾರ್ಡೊ ಬಂದರು ದಾಟಿದ ರಾತ್ರಿ ಆಕಾಶ ತೊಳೆದಂತೆ ತೆರೆಯಿತು. ಕೆಪಿ ಮೂರರ ಆಸುಪಾಸು. ಹತ್ತು ಗಂಟೆಯ ಸುಮಾರಿಗೆ ಧ್ವನಿವರ್ಧಕದಲ್ಲಿ ಘೋಷಣೆಯಾಗುವ ಮೊದಲೇ ನಾವು ಮೇಲಿದ್ದೆವು. ಮೊದಲು ಈಶಾನ್ಯದಲ್ಲಿ ತಗ್ಗಾದ ಕಮಾನು, ಅಲುಗಾಟವಿಲ್ಲ. ಹತ್ತು ನಿಮಿಷದಲ್ಲಿ ಅದರ ಕೆಳ ಅಂಚು ಗಟ್ಟಿಯಾಗಿ, ಕಮಾನಿನಿಂದ ಲಂಬವಾದ ಎಳೆಗಳು ಎದ್ದು, ಗಾಳಿಗೆ ಓಲಾಡುವ ಪರದೆಯಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡತೊಡಗಿದವು. ಬಳಿಕ ನೆತ್ತಿಯ ಮೇಲೆಯೇ ಒಡೆದು ನಾಲ್ಕೂ ಕಡೆ ಚೆಲ್ಲಿತು. ಅಂಚಿನಲ್ಲಿ ಕ್ಷಣಮಾತ್ರ ಗುಲಾಬಿ ಬಣ್ಣ ಬರಿಗಣ್ಣಿಗೇ ಕಂಡಿತು, ಅದು ಸುಮಾರು ನೂರು ಕಿಲೋಮೀಟರ್ ಎತ್ತರದ ಸಾರಜನಕದ್ದು. ಹಸಿರು ಬೆಳಕು ಬಿಳಿ ಬಣ್ಣ ಬಳಿದ ಕಂಬಿಯ ಮೇಲೂ ಪತ್ನಿಯ ಮುಖದ ಮೇಲೂ ಬಿದ್ದಿತ್ತು. ಚಂದ್ರ ಎಲ್ಲೂ ಇರಲಿಲ್ಲ, ಊರಿನಲ್ಲಿ ಮಾತ್ರ ಆ ಸಂಜೆ ಚೆನ್ನಾಗಿ ಕಂಡನೆಂದು ತಮ್ಮ ಹೇಳಿದ.

ಮರುರಾತ್ರಿ ಹ್ಯಾಮರ್‌ಫೆಸ್ಟ್ ಮತ್ತು ಟ್ರೊಮ್ಸೊಗಳ ನಡುವೆ ಮತ್ತೆ ಕಂಡಿತು, ಲೊಫೊಟೆನ್‌ನಲ್ಲೂ ಸ್ವಲ್ಪ ಹೊತ್ತು. ಕಂಡದ್ದೆಲ್ಲ ಮರಳುವ ದಾರಿಯಲ್ಲೇ ಎಂಬುದನ್ನು ಗಮನಿಸಬೇಕು. ಖರ್ಚು ಉಳಿಸಲು ಕಿರ್ಕೆನೆಸ್‌ನಲ್ಲೇ ಇಳಿದು ವಿಮಾನ ಹಿಡಿಯೋಣವೆಂದು ಈಗ ಕೇಳುತ್ತಿರುವ ಸ್ನೇಹಿತರಿಗೆ ನಾನು ಬೇಡವೆಂದೇ ಹೇಳುತ್ತಿದ್ದೇನೆ. ಉಳಿಸುವುದಿದ್ದರೆ ಬಾಲ್ಕನಿಯಲ್ಲಿ ಉಳಿಸಿ, ರಾತ್ರಿಗಳಲ್ಲಿ ಉಳಿಸಬೇಡಿ.