ಮಗಳೇ, ಈ ಕಾಗದ ಎಲ್ಲಿಗೆ ಹೋಗುತ್ತೆ?

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನುವ ಸೀಮೆ ಇದೆ. ಆ ಹೆಸರು ಮೊದಲು ಬಂದದ್ದು ಅಲ್ಲಿನ ಕಪ್ಪು ಮಣ್ಣಿನಿಂದ. ನಾನು ಗದಗಿನ ಕಡೆಯವಳು, ಆ ಹೊಲ ನೋಡಿದರೆ ನಮ್ಮ ಎರೆಹೊಲವೇ ನೆನಪಾಗುತ್ತಿತ್ತು. ಅಲ್ಲೂ ಹತ್ತಿಯೇ. ಆದರೆ ಒಂದು ಕಾಲದಲ್ಲಿ ಅದನ್ನು ಬಿಡಿಸುತ್ತಿದ್ದವರು ಗುಲಾಮರು. ಅವರ ವಂಶದವರು ಈಗಲೂ ಅಲ್ಲೇ ಇದ್ದಾರೆ. ಬಿಪಿ, ಸಕ್ಕರೆ ಕಾಯಿಲೆ ಜಾಸ್ತಿ, ಆಸ್ಪತ್ರೆ ದೂರ.

ಅಲ್ಲಿಗೆ ನಾನು ಹೋಗಿದ್ದು ಬಿಪಿ ಅಧ್ಯಯನಕ್ಕೆ, 14 ಪುಟಗಳ ಪ್ರಶ್ನೆಪಟ್ಟಿ ಹಿಡಿದುಕೊಂಡು. ಮೂರು ವಾರ ಅಲೆದರೂ ತುಂಬಿಕೊಟ್ಟವರು ನಾಲ್ಕೇ ಜನ.

ಕಾರಣ ನನಗೆ ಗೊತ್ತು ಅಂದುಕೊಂಡಿದ್ದೆ. ಟಸ್ಕೀಗೀ ಅನ್ನುವ ಊರು ಅಲ್ಲೇ ಹತ್ತಿರ. 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಸೇವೆಯವರು ಅಲ್ಲಿ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರಿಗೆ ಕಾಯಿಲೆ ಏನು ಅಂತಲೂ ಹೇಳಲಿಲ್ಲ. ಅದಕ್ಕೆ ಮದ್ದಾದ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಸುಮ್ನೆ ನೋಡುತ್ತಾ ಕೂತರು. ಹಾಗಾಗಿ ಜನ ಹಿಂಜರಿದಾಗೆಲ್ಲ ನಾವು ಸಂಶೋಧಕರು ಟಸ್ಕೀಗೀ ಕಡೆ ಬೆರಳು ತೋರಿಸುತ್ತೇವೆ. ನಮಗೂ ಅನುಕೂಲ ಅಲ್ವಾ, ತಪ್ಪು ಹಿಂದಿನವರದ್ದು!

ಚರ್ಚಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನನ್ನ ಕಾಗದಗಳನ್ನು ತಿರುವಿ ಹಾಕಿ, "ಮಗಳೇ, ಇದು ಎಲ್ಲಿಗೆ ಹೋಗುತ್ತೆ?" ಅಂದರು. ಎರಡು ವರ್ಷದ ಹಿಂದೆ ಬೇರೊಂದು ತಂಡ ಬಂದು ರಕ್ತ ತೆಗೆದುಕೊಂಡು ಹೋಗಿತ್ತಂತೆ. ಆಮೇಲೆ ಒಂದು ಫೋನೂ ಇಲ್ಲ. ಅವರ ಸಿಟ್ಟು 1932ರದ್ದಲ್ಲ, ಮೊನ್ನೆಯದು.

ಪ್ರಶ್ನೆಪಟ್ಟಿ ಪಕ್ಕಕ್ಕಿಟ್ಟೆ. ಎರಡು ತಿಂಗಳು ಬುಧವಾರ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅವರ ಜೊತೆ ಕೂತು ಒಪ್ಪಿಗೆ ಪತ್ರವನ್ನು ಮತ್ತೆ ಬರೆದೆವು. ಮೊದಲ ಸಾಲು ಅಜ್ಜಿಯದೇ: ಫಲಿತಾಂಶ ಮೊದಲು ಈ ಚರ್ಚಿಗೆ, ಆಮೇಲೆ ಬೇರೆಯವರಿಗೆ.

ನನ್ನ ದೊಡ್ಡ ಐಡಿಯಾ ಒಂದಿತ್ತು. ಲಾಸ್ ಏಂಜಲೀಸ್‌ನಲ್ಲಿ 52 ಕ್ಷೌರದಂಗಡಿಗಳಲ್ಲಿ 319 ಕಪ್ಪು ಗಂಡಸರ ಮೇಲೆ ನಡೆದ ಪ್ರಯೋಗ, 2018ರಲ್ಲಿ ಪ್ರಕಟವಾದದ್ದು. ಫಾರ್ಮಸಿಸ್ಟ್ ಅಂಗಡಿಗೇ ಬಂದು ಔಷಧ ಬರೆದುಕೊಟ್ಟಾಗ, ಆರು ತಿಂಗಳಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 27 ಇಳಿದಿತ್ತು. ಬರೀ ಸಲಹೆ ಪಡೆದವರಲ್ಲಿ ಸುಮಾರು 9. ನಾವೂ ಹಾಗೇ ಮಾಡೋಣ ಅಂದೆ. ಪಾಸ್ಟರ್ ನಕ್ಕರು. ಇದ್ದ ಒಂದು ಕ್ಷೌರದಂಗಡಿಯೂ ಮುಚ್ಚಿ ಆರು ವರ್ಷ ಆಗಿತ್ತು.

ಹಾಗಾಗಿ ಚರ್ಚಿನಲ್ಲೇ ಬಿಪಿ ನೋಡಲು ಶುರು ಮಾಡಿದೆವು. ಊರಿನ ಐವರು ಹೆಂಗಸರನ್ನು ತರಬೇತಿ ಕೊಟ್ಟು ಸೇರಿಸಿಕೊಂಡೆವು. ಸೇವೆ ಅಂತಲ್ಲ, ಗಂಟೆಗೆ ಇಷ್ಟು ಅಂತ ಕೂಲಿ ಕೊಟ್ಟು. ಇದಕ್ಕೆ ಬಜೆಟ್‌ನಲ್ಲಿ ಮೊದಲೇ ದುಡ್ಡು ಇಡಬೇಕಿತ್ತು, ನಾನು ಇಟ್ಟಿರಲಿಲ್ಲ. ನನ್ನ ಎರಡು ಸಮ್ಮೇಳನದ ಪ್ರಯಾಣ ರದ್ದು ಮಾಡಿ ಹೊಂದಿಸಿದೆ. ಅವರೆಲ್ಲ ಆನ್‌ಲೈನ್‌ನಲ್ಲಿ ಸಂಶೋಧನಾ ನೀತಿಯ ತರಬೇತಿಯನ್ನೂ ಮುಗಿಸಬೇಕಿತ್ತು. ಮೂವರ ಮನೆಯಲ್ಲಿ ಇಂಟರ್ನೆಟ್ ಇಲ್ಲ. ಲೈಬ್ರರಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ, ಹೋಗಿಬರಲು ಒಂದೂವರೆ ಗಂಟೆ.

ಅವರಲ್ಲೊಬ್ಬರು ವೃದ್ಧಾಶ್ರಮದಲ್ಲಿ ಕೆಲಸ ಮಾಡಿದವರು. ಮೊದಲ ದಿನವೇ ನಮ್ಮ ಬಿಪಿ ಯಂತ್ರದ ತೋಳಿಗೆ ಸುತ್ತುವ ಪಟ್ಟಿ ನೋಡಿ, "ಈ ಪಟ್ಟಿ ನಮ್ಮ ತೋಳಿಗೆ ಸಾಲಲ್ಲ" ಅಂದರು. ನಾವು ತಂದಿದ್ದು ಒಂದೇ ಅಳತೆ. ಪಟ್ಟಿ ಬಿಗಿಯಾದರೆ ಅಂಕಿ ಸುಳ್ಳು ಹೇಳುತ್ತೆ. 2023ರ ಒಂದು ಅಧ್ಯಯನದಲ್ಲಿ, ಎಲ್ಲಕ್ಕಿಂತ ದೊಡ್ಡ ಅಳತೆ ಬೇಕಾದವರಿಗೆ ಸಾಮಾನ್ಯ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸುಮಾರು 20 ಹೆಚ್ಚು ಬಂದಿತ್ತು. ನಾನು ಓದಿದ್ದೆ, ಆದರೂ ತಲೆಗೆ ಹೊಳೆಯಲಿಲ್ಲ. ಆ ವಾರದ ಲೆಕ್ಕವನ್ನೆಲ್ಲ ಎಸೆದು, ನಾಲ್ಕು ಅಳತೆಯ ಪಟ್ಟಿ ತರಿಸಿದೆವು.

ಫಲಿತಾಂಶ ಬಂದಾಗ ಮೊದಲು ಚರ್ಚಿನ ಹಾಲಿನಲ್ಲಿ ತೋರಿಸಿದೆ. ನನ್ನ ಬಣ್ಣದ ಗ್ರಾಫ್ ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ಎದ್ದು ಬೋರ್ಡಿನ ಮೇಲೆ ದೊಡ್ಡದಾಗಿ ಮೂರು ಅಂಕಿ ಬರೆದರು, ಅಷ್ಟೇ ಸಾಕಾಯಿತು.

ಅನುದಾನ ಮುಗಿದು ವರ್ಷವಾಯಿತು. ನಾಲ್ಕು ಪಟ್ಟಿಗಳೂ ಯಂತ್ರವೂ ಚರ್ಚಿನ ಬೀರುವಿನಲ್ಲಿವೆ. ಬೀಗದ ಕೈ ಅಜ್ಜಿಯ ಹತ್ತಿರ. ಬ್ಯಾಟರಿ ಮುಗಿದಾಗ ಮಾತ್ರ ನನಗೆ ಫೋನ್ ಬರುತ್ತೆ.